ಡೊಮೇನ್ ಮಾರಲು ನೂರಾರು ಮೇಲ್ ಕಳಿಸಿದೆ, ಬಂದದ್ದು ವಕೀಲರ ನೋಟಿಸ್. ಈಗೇನು ಮಾಡಲಿ?

ಪ್ರಶ್ನೆ: ಎರಡು ವರ್ಷಗಳಿಂದ ಡೊಮೇನ್ ಹೆಸರುಗಳನ್ನು, ಅಂದರೆ ವೆಬ್‌ಸೈಟ್ ವಿಳಾಸದ ಹೆಸರುಗಳನ್ನು, ಕೊಂಡು ಇಟ್ಟುಕೊಂಡಿದ್ದೇನೆ. ಈಗ ನನ್ನ ಹತ್ತಿರ 40 ಇವೆ, ಎಲ್ಲವೂ ಡಾಟ್ ಕಾಮ್. ಯಾರೂ ತಾವಾಗಿ ಕೇಳಿಕೊಂಡು ಬರಲಿಲ್ಲ. ಹಾಗಾಗಿ ನಾನೇ ಕಂಪನಿಗಳಿಗೆ ಮೇಲ್ ಬರೆಯಲು ಶುರು ಮಾಡಿದೆ. ಒಂದೊಂದು ಹೆಸರಿಗೂ ಇನ್ನೂರು ಮೇಲ್, ಎಲ್ಲರಿಗೂ ಒಂದೇ ಮಾದರಿ. ಉತ್ತರ ಬಂದದ್ದು ಬೆರಳೆಣಿಕೆಯಷ್ಟು. ಇಬ್ಬರು 'ಇನ್ನು ಮೇಲ್ ಮಾಡಬೇಡಿ' ಅಂದರು. ಒಬ್ಬರು 'ಎಷ್ಟು?' ಅಂತ ಕೇಳಿದರು, ಬೆಲೆ ಹೇಳಿದ ಮೇಲೆ ಪತ್ತೆ ಇಲ್ಲ. ಕಳೆದ ವಾರ ಒಂದು ಕಂಪನಿಯ ವಕೀಲರಿಂದ ನೋಟಿಸ್ ಬಂತು. ಆ ಡೊಮೇನ್‌ನಲ್ಲಿ ಅವರ ಬ್ರ್ಯಾಂಡಿನ ಹೆಸರಿದೆ, ಜೊತೆಗೆ ನಾನು ಒಂದು ಪದ ಸೇರಿಸಿದ್ದೆ. ಹೀಗೆ ಮೇಲ್ ಕಳಿಸುವುದೇ ಕಾನೂನಿಗೆ ವಿರುದ್ಧವೇ? ನನ್ನ ಮೇಲ್‌ಗಳು ಸ್ಪ್ಯಾಮ್‌ಗೆ ಹೋಗುತ್ತಿವೆಯೇ? ಬೆಲೆಯನ್ನು ಮೊದಲೇ ಹೇಳಬೇಕಿತ್ತಾ? ಇದನ್ನು ಮುಂದುವರಿಸಲೋ, ಕೈಬಿಡಲೋ?

ಉತ್ತರ: ನೋಟಿಸ್ ವಿಷಯ ಮೊದಲು ನೋಡೋಣ. ಉಳಿದದ್ದು ಒಂದು ವಾರ ತಡವಾದರೂ ನಡೆಯುತ್ತೆ, ಇದು ನಡೆಯಲ್ಲ.

ಡೊಮೇನ್ ಹೆಸರಿನ ಜಗಳಗಳಿಗೆಂದೇ ಜಗತ್ತಿನ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲಿ ಒಂದು ನಿಯಮ ತಂದಿತು. ಅದಕ್ಕೆ ಯುಡಿಆರ್‌ಪಿ ಅಂತಾರೆ. ಡಾಟ್ ಕಾಮ್ ಕೊಳ್ಳುವಾಗಲೇ ನೀವು ಅದಕ್ಕೆ ಒಪ್ಪಿರುತ್ತೀರಿ, ಓದದೆ ಒಪ್ಪಿದ್ದರೂ ಅದು ಒಪ್ಪಿಗೆಯೇ. ದೂರು ಕೊಡುವವರು ಮೂರು ವಿಷಯ ತೋರಿಸಬೇಕು. ಹೆಸರು ತಮ್ಮ ಟ್ರೇಡ್‌ಮಾರ್ಕ್‌ನಂತೆಯೇ ಇದೆ ಅಥವಾ ಜನ ಗೊಂದಲಕ್ಕೆ ಬೀಳುವಷ್ಟು ಅದನ್ನು ಹೋಲುತ್ತದೆ. ಇಟ್ಟುಕೊಂಡವರಿಗೆ ಆ ಹೆಸರಿನ ಮೇಲೆ ನ್ಯಾಯವಾದ ಹಕ್ಕಾಗಲಿ ಆಸಕ್ತಿಯಾಗಲಿ ಇಲ್ಲ. ಕೆಟ್ಟ ಉದ್ದೇಶದಿಂದ ರಿಜಿಸ್ಟರ್ ಮಾಡಿ, ಅದೇ ಉದ್ದೇಶದಿಂದ ಬಳಸುತ್ತಿದ್ದಾರೆ. ಕೆಟ್ಟ ಉದ್ದೇಶಕ್ಕೆ ಆ ನಿಯಮವೇ ಕೆಲವು ಉದಾಹರಣೆ ಕೊಡುತ್ತದೆ. ಅದರಲ್ಲಿ ಮೊದಲನೆಯದು, ಟ್ರೇಡ್‌ಮಾರ್ಕ್ ಒಡೆಯರಿಗೋ ಅವರ ಪ್ರತಿಸ್ಪರ್ಧಿಗೋ ಕೈಯಿಂದ ಆದ ಖರ್ಚಿಗಿಂತ ಜಾಸ್ತಿ ಬೆಲೆಗೆ ಮಾರಲೆಂದೇ ಹೆಸರು ಕೊಳ್ಳುವುದು. ನೀವು ಆ ಕಂಪನಿಗೆ ಕಳಿಸಿದ ಮೇಲ್‌ನಲ್ಲಿ ಇರುವುದೂ ಅದೇ ಅಲ್ವಾ? ಹೆಸರು ಇದು, ನನ್ನ ಹತ್ತಿರ ಇದೆ, ನಿಮಗೆ ಮಾರುತ್ತೇನೆ. ಅವರು ಹುಡುಕಬೇಕಾಗಿದ್ದ ಸಾಕ್ಷಿಯನ್ನು ನೀವೇ ಬರೆದು ಕಳಿಸಿದ ಹಾಗಾಯಿತು.

ಯುಡಿಆರ್‌ಪಿಯಲ್ಲಿ ಸೋತರೆ ಹೆಸರು ಹೋಗುತ್ತದೆ, ದಂಡ ಬೀಳುವುದಿಲ್ಲ. ಆದರೆ ಅಮೆರಿಕದ ಕೋರ್ಟಿಗೆ ಹೋದರೆ ಕಥೆಯೇ ಬೇರೆ. ಅಲ್ಲಿ 1999ರಲ್ಲೇ ಬಂದ ಸೈಬರ್‌ಸ್ಕ್ವಾಟಿಂಗ್ (ಇನ್ನೊಬ್ಬರ ಬ್ರ್ಯಾಂಡ್ ಹೆಸರಿನ ಡೊಮೇನ್ ಹಿಡಿದಿಟ್ಟುಕೊಳ್ಳುವುದು) ವಿರೋಧಿ ಕಾನೂನಿನಡಿ ಒಂದು ಹೆಸರಿಗೆ 1,000ದಿಂದ 1,00,000 ಡಾಲರ್‌ವರೆಗೆ ಪರಿಹಾರ ಹಾಕಬಹುದು.

ಈಗ ಮಾಡಬಾರದ್ದು ಹೇಳುತ್ತೇನೆ. ಕೋಪದಲ್ಲಿ ಉತ್ತರ ಬರೆಯಬೇಡಿ. 'ಇಷ್ಟು ಕೊಟ್ಟರೆ ಬಿಟ್ಟುಕೊಡುತ್ತೇನೆ' ಎಂಬ ಸಾಲು ಯಾವ ರೂಪದಲ್ಲೂ ಬೇಡ. ಹೆಸರನ್ನು ಇನ್ನೊಬ್ಬರ ಖಾತೆಗೆ ದಾಟಿಸಬೇಡಿ, ತಪ್ಪಿಸಿಕೊಳ್ಳಲು ಹೊರಟಂತೆ ಕಾಣುತ್ತೆ. ಆ ಪುಟದಲ್ಲಿ ಜಾಹೀರಾತು ಓಡುತ್ತಿದ್ದರೆ ಇವತ್ತೇ ತೆಗೆಯಿರಿ. ನೋಟಿಸ್‌ನಲ್ಲಿ ಕೊಟ್ಟ ಗಡುವು ನೋಡಿಕೊಳ್ಳಿ. ಯುಡಿಆರ್‌ಪಿ ದೂರು ಶುರುವಾದರೆ ಉತ್ತರ ಕೊಡಲು ಸಿಗುವುದು 20 ದಿನ ಮಾತ್ರ. ಬ್ರ್ಯಾಂಡ್ ಹೆಸರಿಗೆ ಒಂದು ಪದ ಅಂಟಿಸಿದ ಡೊಮೇನ್‌ಗಾಗಿ ಹೋರಾಡಿ ಗೆಲ್ಲುವುದು ಕಷ್ಟ. ನನ್ನ ಸಲಹೆ, ಹಣದ ಮಾತೇ ಎತ್ತದೆ ಹೆಸರನ್ನು ಅವರಿಗೆ ಬಿಟ್ಟುಕೊಡಿ, ವಿಷಯ ಇಲ್ಲಿಗೆ ಮುಗಿಯಿತು ಎಂದು ಅವರಿಂದ ಬರಹದಲ್ಲಿ ಪಡೆಯಿರಿ. ನೋಟಿಸ್‌ನಲ್ಲಿ ಪರಿಹಾರದ ಹಣ ಕೇಳಿದ್ದರೆ ಮಾತ್ರ, ಒಂದೇ ಒಂದು ಸಾಲು ಬರೆಯುವ ಮೊದಲೇ ನಿಮ್ಮ ಕಡೆಯಿಂದಲೂ ಒಬ್ಬ ವಕೀಲರಿರಲಿ. ಉಳಿದ 39 ಹೆಸರುಗಳಲ್ಲಿ ಇಂಥವು ಇನ್ನೆಷ್ಟಿವೆ ಅಂತ ಇವತ್ತೇ ಒಂದು ಸಲ ಕಣ್ಣಾಡಿಸಿ. ಇದ್ದರೆ ಅವುಗಳ ಬಗ್ಗೆ ಯಾರಿಗೂ ಮೇಲ್ ಕಳಿಸಬೇಡಿ. ಸುಮ್ನೆ ಎಕ್ಸ್‌ಪೈರ್ ಆಗಲು ಬಿಡಿ.

ಇಷ್ಟು ಓದಿ, ಹೆಸರು ಕೊಂಡು ಮಾರುವುದೇ ತಪ್ಪು ಅಂದುಕೊಳ್ಳಬೇಡಿ. ಸಾಮಾನ್ಯ ಪದಗಳ ಹೆಸರುಗಳನ್ನು, ಆ ಪದದ ಬೆಲೆಗಾಗಿ ಕೊಂಡು ಮಾರುವುದು ನ್ಯಾಯವಾದ ವ್ಯಾಪಾರ ಎಂದು ಯುಡಿಆರ್‌ಪಿ ತೀರ್ಪುಗಳೇ ಮತ್ತೆ ಮತ್ತೆ ಹೇಳಿವೆ. ಟ್ರೇಡ್‌ಮಾರ್ಕ್ ಹುಟ್ಟುವ ಮೊದಲೇ ನೀವು ಹೆಸರು ಕೊಂಡಿದ್ದರೆ, ಸಾಮಾನ್ಯವಾಗಿ ಕೆಟ್ಟ ಉದ್ದೇಶ ಅಂತ ಪರಿಗಣಿಸುವುದಿಲ್ಲ. ತೊಂದರೆ ಇರುವುದು ಇನ್ನೊಬ್ಬರು ಬೆಳೆಸಿದ ಹೆಸರಿನ ನೆರಳಲ್ಲಿ ದುಡಿಯಲು ಹೋದಾಗ.

ಇನ್ನು ಮೇಲ್ ಕಳಿಸುವುದೇ ಕಾನೂನಿಗೆ ವಿರುದ್ಧವೇ ಅನ್ನುವ ಪ್ರಶ್ನೆ. ಅದು ಮೇಲ್ ಹೋಗುವ ದೇಶದ ಮೇಲೆ ನಿಂತಿದೆ. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾನೂನು ಮೊದಲೇ ಒಪ್ಪಿಗೆ ಕೇಳುವುದಿಲ್ಲ. ಆದರೆ ಕಳಿಸಿದವರ ಹೆಸರು ನಿಜವಿರಬೇಕು, ವಿಷಯದ ಸಾಲು ಮೋಸ ಮಾಡಬಾರದು, ಅಂಚೆ ವಿಳಾಸ ಇರಬೇಕು, 'ಬೇಡ' ಅನ್ನಲು ದಾರಿ ಇರಬೇಕು, ಬೇಡ ಅಂದವರಿಗೆ 10 ಕೆಲಸದ ದಿನಗಳೊಳಗೆ ನಿಲ್ಲಿಸಬೇಕು. ಕಂಪನಿಗೆ ಬರೆಯುವ ಮೇಲ್‌ಗೆ ವಿನಾಯಿತಿ ಇದೆ ಎಂದು ಹಲವರು ನಂಬಿದ್ದಾರೆ. ಇಲ್ಲ. ಕೆನಡಾದಲ್ಲಿ 2014ರಿಂದ ಬಿಗಿ ಜಾಸ್ತಿ, ಒಪ್ಪಿಗೆ ಬೇಕು. ಅವರೇ ತಮ್ಮ ಸೈಟಿನಲ್ಲಿ ವಿಳಾಸ ಬಹಿರಂಗವಾಗಿ ಹಾಕಿ, ಅನಗತ್ಯ ಮೇಲ್ ಬೇಡ ಎಂದು ಬರೆಯದೆ ಇದ್ದು, ನಿಮ್ಮ ವಿಷಯ ಅವರ ಕೆಲಸಕ್ಕೆ ಸಂಬಂಧಿಸಿದ್ದರೆ ಅದನ್ನೇ ಒಪ್ಪಿಗೆಯೆಂದು ಹಿಡಿಯಬಹುದು. ಯುರೋಪಿನಲ್ಲಿ ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಕಂಪನಿಗಳಿಗೂ ಮೊದಲೇ ಒಪ್ಪಿಗೆ ಇಲ್ಲದೆ ಮಾರಾಟದ ಮೇಲ್ ಕಳಿಸುವಂತಿಲ್ಲ. ಜರ್ಮನ್ ಕಂಪನಿಗಳಿಗೆ ನಾನು ಮೇಲ್ ಕಳಿಸುವುದೇ ಇಲ್ಲ, ಆ ಹೆಸರುಗಳನ್ನು ಮಾರುಕಟ್ಟೆ ತಾಣಗಳಲ್ಲಿ ಹಾಕಿ ಕಾಯುತ್ತೇನೆ.

ನಿಮಗೆ 'ಇನ್ನು ಮೇಲ್ ಮಾಡಬೇಡಿ' ಅಂದ ಇಬ್ಬರನ್ನು ಒಂದು ಪಟ್ಟಿಗೆ ಹಾಕಿ. ಈ ಹೆಸರಿಗಷ್ಟೇ ಅಲ್ಲ, ಯಾವ ಹೆಸರಿಗೂ ಅವರಿಗೆ ಬರೆಯಬೇಡಿ.

ಸ್ಪ್ಯಾಮ್‌ಗೆ ಹೋಗುತ್ತಿದೆಯೇ ಅಂದರೆ, ಬಹುಶಃ ಹೌದು. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ನಿಮ್ಮ ಸ್ವಂತ ಡೊಮೇನಿನಿಂದ ಕಳಿಸುವುದಾದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಡಿಎನ್ಎಸ್‌ನಲ್ಲಿ, ಅಂದರೆ ಡೊಮೇನಿನ ಸೆಟ್ಟಿಂಗ್‌ಗಳಲ್ಲಿ, ಸರಿಯಾಗಿ ಹಾಕಿರಬೇಕು. ಈ ಮೇಲ್ ನಿಜವಾಗಿಯೂ ನಿಮ್ಮಿಂದಲೇ ಬಂದಿದೆ ಎಂದು ಅವು ಖಾತ್ರಿ ಮಾಡುತ್ತವೆ. ಅರ್ಧ ಗಂಟೆಯ ಕೆಲಸ. ಅದಕ್ಕಿಂತ ಮುಖ್ಯವಾದದ್ದು ದೂರಿನ ಲೆಕ್ಕ, ಅಂದರೆ ಎಷ್ಟು ಜನ ನಿಮ್ಮ ಮೇಲ್ 'ಸ್ಪ್ಯಾಮ್' ಅಂತ ಒತ್ತಿದರು ಅನ್ನುವುದು. ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ ಜಿಮೇಲ್ ಹಾಕಿರುವ ಮಿತಿ 0.3 ಪರ್ಸೆಂಟ್, ಅಂದರೆ ಸಾವಿರಕ್ಕೆ ಮೂರು. ನಿಮ್ಮದು ಅಷ್ಟು ದೊಡ್ಡದಲ್ಲ, ಆದರೂ ಅಳತೆ ಗೊತ್ತಾಗಲಿ ಅಂತ ಹೇಳಿದೆ. ಇನ್ನೂರು ಮೇಲ್‌ನಲ್ಲಿ ಒಬ್ಬರೇ ಒಬ್ಬರು 'ಸ್ಪ್ಯಾಮ್' ಒತ್ತಿದರೂ ಅರ್ಧ ಪರ್ಸೆಂಟ್ ಆಯಿತು. ಒಂದೇ ಮಾದರಿಯ ಮೇಲ್ ಇನ್ನೂರು ಜನಕ್ಕೆ ಹೋದರೆ ಒತ್ತುವವರು ಒಬ್ಬರೇ ಇರಲ್ಲ.

ಇಲ್ಲಿ ಇನ್ನೊಂದು ಮಾತು. ಕೆಲವರು ಮಾರಬೇಕಾದ ಡೊಮೇನಿನಿಂದಲೇ ಮೇಲ್ ಕಳಿಸುತ್ತಾರೆ. ಹೆಸರು ಎದ್ದು ಕಾಣಲಿ ಅನ್ನುವ ಆಸೆ. ಆ ಹೆಸರಿಗೆ ಸ್ಪ್ಯಾಮ್ ಕಳಂಕ ಹತ್ತಿದರೆ ಕೊಂಡವರ ಮೇಲ್‌ಗಳೂ ಸ್ಪ್ಯಾಮ್‌ಗೆ ಬೀಳುತ್ತವೆ. ಮಾರುವ ಸರಕನ್ನು ನಾವೇ ಯಾಕೆ ಹಾಳು ಮಾಡಬೇಕು? ನಿಮ್ಮ ಹೆಸರಿನದ್ದೇ ಒಂದು ಡೊಮೇನ್ ಇಟ್ಟುಕೊಂಡು ಅದರಿಂದ ಕಳಿಸಿ, ದಿನಕ್ಕೆ ಕೆಲವೇ ಮೇಲ್.

ಇಷ್ಟೆಲ್ಲ ಸರಿ ಮಾಡಿದರೂ ಉತ್ತರ ಬರದೇ ಇರಬಹುದು. ಯಾಕೆಂದರೆ ಮುಕ್ಕಾಲು ಪಾಲು ಫಲಿತಾಂಶ ಮೇಲ್ ಬರೆಯುವ ಮೊದಲೇ ತೀರ್ಮಾನ ಆಗಿರುತ್ತೆ. ಯಾವ ಹೆಸರು, ಯಾರಿಗೆ. ನೀವು ಪ್ರತಿ ಹೆಸರಿಗೂ ಇನ್ನೂರು ಜನರನ್ನು ಹೇಗೆ ಹುಡುಕಿದಿರಿ ಅಂತ ಬರೆದಿಲ್ಲ. ಆ ಕ್ಷೇತ್ರದ ಕಂಪನಿಗಳ ಪಟ್ಟಿ ತೆಗೆದು ಸಾಲಾಗಿ ಕಳಿಸಿದ್ದೀರಿ ಅಂತ ನನ್ನ ಊಹೆ. ಒಂದು ಹೆಸರಿಗೆ ಇನ್ನೂರು ನಿಜವಾದ ಗಿರಾಕಿಗಳಿರುವುದು ಅಪರೂಪ. ಹತ್ತೋ ಇಪ್ಪತ್ತೋ ಇದ್ದರೆ ಅದೇ ಒಳ್ಳೆಯ ಹೆಸರು.

ಆ ಹತ್ತು ಜನರನ್ನು ಹುಡುಕುವುದು ಹೇಗೆ? ಸುಮ್ನೆ ಉದಾಹರಣೆಗೆ, 'ಸೋಲಾರ್‌ಪ್ಯಾನೆಲ್‌ಕ್ಲೀನಿಂಗ್ ಡಾಟ್ ಕಾಮ್' ನಿಮ್ಮದು ಅಂತ ಇಟ್ಟುಕೊಳ್ಳಿ. ಮೊದಲು ಅದೇ ಪದಗಳನ್ನು ಡಾಟ್ ನೆಟ್‌ನಲ್ಲೋ ಡಾಟ್ ಇನ್‌ನಂಥ ದೇಶದ ಎಕ್ಸ್‌ಟೆನ್ಷನ್‌ನಲ್ಲೋ (ಹೆಸರಿನ ಕೊನೆಯ ಭಾಗ) ಬಳಸುತ್ತಿರುವವರನ್ನು ನೋಡಿ. ಅವರಿಗೆ ಬರಬೇಕಾದ ಕೆಲವು ಮೇಲ್‌ಗಳು ಈಗಾಗಲೇ ದಾರಿ ತಪ್ಪಿ ಡಾಟ್ ಕಾಮ್‌ಗೆ ಹೋಗುತ್ತಿರುತ್ತವೆ, ಅದು ಅವರಿಗೂ ಗೊತ್ತಿರುತ್ತೆ. ಆಮೇಲೆ ಪದಗಳ ನಡುವೆ ಹೈಫನ್ ಹಾಕಿಕೊಂಡವರು. ಆಮೇಲೆ ಹಿಂದೆಯೋ ಮುಂದೆಯೋ ಒಂದು ಪದ ಸೇರಿಸಿ ಉದ್ದ ಮಾಡಿಕೊಂಡವರು. ಕೊನೆಗೆ, ಆ ಪದಗಳನ್ನು ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಜಾಹೀರಾತು ಹಾಕಿರುವವರು. ಆ ಪದಕ್ಕೆ ದಿನವೂ ದುಡ್ಡು ಕೊಡುತ್ತಿರುವವರಿಗೆ ಅದರ ಬೆಲೆ ಗೊತ್ತು, ನೀವು ಪಾಠ ಹೇಳಬೇಕಿಲ್ಲ. ಒಂದು ಎಚ್ಚರಿಕೆ ಇಲ್ಲೂ ಬೇಕು. ಯಾವುದೋ ಕಂಪನಿಯ ಸ್ವಂತದ, ವಿಶಿಷ್ಟವಾದ ಬ್ರ್ಯಾಂಡ್ ಹೆಸರಿಗೆ ಹೊಂದುವ ಡಾಟ್ ಕಾಮ್ ಕೊಂಡು ಅವರಿಗೇ ಬರೆದರೆ ಮತ್ತೆ ಅದೇ ನೋಟಿಸ್ ಬರುತ್ತೆ. ಈ ವಿಧಾನ ನಡೆಯುವುದು ಎಲ್ಲರೂ ಬಳಸುವ ಸಾಮಾನ್ಯ ಪದಗಳಲ್ಲಿ ಮಾತ್ರ.

ಯಾರಿಗೆ ಬರೆಯಬೇಕು ಅನ್ನುವುದೂ ಅಷ್ಟೇ ಮುಖ್ಯ. 2018ರ ಮೇ ತಿಂಗಳಲ್ಲಿ ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ಜಾರಿಗೆ ಬಂದ ಮೇಲೆ, ಡೊಮೇನ್ ಯಾರದ್ದೆಂದು ತೋರಿಸುವ ಹೂ-ಈಸ್ ದಾಖಲೆಗಳಲ್ಲಿ ಹೆಸರು, ಮೇಲ್ ವಿಳಾಸ ಮರೆಯಾದವು. ಹಳೆಯ ಮಾದರಿಗಳು ಕೆಲಸ ಮಾಡದಿರುವುದಕ್ಕೆ ಅದೂ ಒಂದು ಕಾರಣ. ಈಗ ಕಂಪನಿಯ ಸೈಟಿನಲ್ಲಿ 'ನಮ್ಮ ಬಗ್ಗೆ' ಪುಟ ತೆರೆದು ನೋಡಬೇಕು. ಚಿಕ್ಕ ಕಂಪನಿಯಾದರೆ ಮಾಲೀಕರು, ದೊಡ್ಡದಾದರೆ ಮಾರ್ಕೆಟಿಂಗ್ ನೋಡಿಕೊಳ್ಳುವವರು. 'ಇನ್ಫೋ' ಎಂದು ಶುರುವಾಗುವ ಸಾರ್ವಜನಿಕ ವಿಳಾಸಕ್ಕೆ ಹೋದ ಮೇಲನ್ನು ತೆರೆಯುವವರಿಗೆ ಡೊಮೇನ್ ಕೊಳ್ಳುವ ಅಧಿಕಾರ ಇರಲ್ಲ, ಅಳಿಸುವ ಅಧಿಕಾರ ಖಂಡಿತ ಇರುತ್ತೆ.

ನೀವು ಲಗತ್ತಿಸಿದ ಮಾದರಿ ಓದಿದೆ. 'ಪ್ರಿಯ ಮಾಲೀಕರೇ, ನಿಮ್ಮ ವ್ಯವಹಾರವನ್ನು ಎತ್ತರಕ್ಕೆ ಒಯ್ಯುವ ಪ್ರೀಮಿಯಂ ಡೊಮೇನ್ ಸೀಮಿತ ಅವಧಿಗೆ ಲಭ್ಯವಿದೆ. ಇತರ ಖರೀದಿದಾರರೂ ಆಸಕ್ತಿ ತೋರಿಸಿದ್ದಾರೆ. ಇದರಿಂದ ನೀವು ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ಬರುವಿರಿ.' ಇದರಲ್ಲಿ ಒಂದೂ ಸಾಲು ಉಳಿಸುವಂಥದ್ದಲ್ಲ. ಗೂಗಲ್ ಮಾತಂತೂ ತಪ್ಪು. ಹುಡುಕುವ ಪದವೇ ಡೊಮೇನ್‌ನಲ್ಲಿದ್ದರೆ ಮೇಲೆ ಬರುವ ಕಾಲ ಒಂದಿತ್ತು. ಹೆಸರಿನ ಬಲದಿಂದಲೇ ಮೇಲೆ ಬರುತ್ತಿದ್ದ ಕಳಪೆ ಸೈಟುಗಳನ್ನು 2012ರ ಸೆಪ್ಟೆಂಬರ್‌ನಲ್ಲೇ ಗೂಗಲ್ ಕೆಳಗಿಳಿಸಿತು. ಓದುವವರಲ್ಲಿ ಯಾರಿಗಾದರೂ ಇದು ಗೊತ್ತಿದ್ದರೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. ಇಲ್ಲದ ಇತರ ಖರೀದಿದಾರರನ್ನು ಸೃಷ್ಟಿಸುವುದು ಸುಳ್ಳು. ಅಷ್ಟೇ ಅಲ್ಲ, ಕಂಪನಿಗಳಿಗೆ ಈ ಸಾಲಿನ ಪರಿಚಯ ಚೆನ್ನಾಗಿದೆ. 'ಯಾರೋ ನಿಮ್ಮ ಹೆಸರಿನ ಡೊಮೇನ್ ರಿಜಿಸ್ಟರ್ ಮಾಡಲು ಬಂದಿದ್ದಾರೆ, ಬೇಗ ನೀವೇ ಕೊಳ್ಳಿ' ಎಂದು ಹೆದರಿಸುವ ಮೋಸದ ಮೇಲ್‌ಗಳು ವರ್ಷಗಳಿಂದ ಓಡಾಡುತ್ತಿವೆ. ನಿಮ್ಮ ಮೇಲ್ ಅದೇ ರಾಗ ಹಾಡಿದರೆ ಅದೇ ಬುಟ್ಟಿಗೆ ಹೋಗುತ್ತೆ.

ನಾನು ಬರೆಯುವುದು ಹೆಚ್ಚು ಕಡಿಮೆ ಹೀಗೆ. ವಿಷಯದ ಸಾಲಿನಲ್ಲಿ ಡೊಮೇನ್ ಹೆಸರು ಮಾತ್ರ, ಬೇರೇನೂ ಇಲ್ಲ. ಒಳಗೆ:

'ನಮಸ್ಕಾರ. ಸೋಲಾರ್‌ಪ್ಯಾನೆಲ್‌ಕ್ಲೀನಿಂಗ್ ಡಾಟ್ ಕಾಮ್ ನನ್ನದು, ಅದನ್ನು ಮಾರುತ್ತಿದ್ದೇನೆ. ನೀವು ಇದೇ ಹೆಸರನ್ನು ಎರಡು ಹೈಫನ್ ಜೊತೆ ಬಳಸುತ್ತಿರುವುದು ನೋಡಿದೆ, ಹಾಗಾಗಿ ನಿಮಗೆ ಬರೆದೆ. ಬೆಲೆ 1,800 ಡಾಲರ್, ಹಣ ಎಸ್ಕ್ರೋ ಮೂಲಕ. ಬೇಡವಾದರೆ ಒಂದು ಸಾಲು ತಿಳಿಸಿ, ಮತ್ತೆ ಬರೆಯುವುದಿಲ್ಲ.'

ಕೆಳಗೆ ನಿಮ್ಮ ಪೂರ್ತಿ ಹೆಸರು, ಫೋನ್, ಅಂಚೆ ವಿಳಾಸ. ಅಷ್ಟೇ. ಎಸ್ಕ್ರೋ ಅಂದರೆ ಹೆಸರು ಕೈಸೇರುವ ತನಕ ಹಣ ಹಿಡಿದಿಡುವ ಮಧ್ಯವರ್ತಿ ಸೇವೆ. ಅಟ್ಯಾಚ್‌ಮೆಂಟ್ ಬೇಡ, ಚಿತ್ರ ಬೇಡ, ಮೇಲ್ ತೆರೆದರಾ ಎಂದು ಪತ್ತೆ ಹಚ್ಚುವ ಕಣ್ಣಿಗೆ ಕಾಣದ ಪಿಕ್ಸೆಲ್ ಬೇಡ. ಅವೆಲ್ಲ ಸ್ಪ್ಯಾಮ್ ಫಿಲ್ಟರ್‌ಗೆ ಸುಳಿವು ಕೊಡುತ್ತವೆ. ಈ ಮೇಲ್‌ನಲ್ಲಿ ಕೆಲಸ ಮಾಡುವ ಸಾಲು ಒಂದೇ, ಹೈಫನ್‌ನದ್ದು. ಅದನ್ನು ಇನ್ನೂರು ಜನಕ್ಕೆ ಕಳಿಸಲಾಗದು. ಒಬ್ಬರ ಸೈಟ್ ತೆರೆದು ನೋಡಿದವರು ಮಾತ್ರ ಅದನ್ನು ಬರೆಯಬಲ್ಲರು, ಓದುವವರಿಗೂ ಅದು ತಿಳಿಯುತ್ತೆ. ಒಂದು ವಾರ, ಹತ್ತು ದಿನ ಬಿಟ್ಟು ಅದೇ ಮೇಲ್‌ನ ಕೆಳಗೆ ಒಮ್ಮೆ ನೆನಪಿಸಿ. ಎರಡನೇ ಸಲವೂ ಮೌನ ಅಂದರೆ ಬಿಟ್ಟುಬಿಡಿ.

ಮೇಲ್ ಓದಿದವರು ಮೊದಲು ಮಾಡುವ ಕೆಲಸ ಆ ಹೆಸರನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿ ನೋಡುವುದು. ಅಲ್ಲಿ ಖಾಲಿ ಪುಟವೋ ದೋಷದ ಸಂದೇಶವೋ ಬಂದರೆ ಇವರು ನಿಜವಾದ ಒಡೆಯರೇ ಎಂಬ ಅನುಮಾನ ಏಳುತ್ತೆ. 'ಈ ಹೆಸರು ಮಾರಾಟಕ್ಕಿದೆ' ಎನ್ನುವ ಪುಟ, ಅದೇ ಬೆಲೆ, ಸಂಪರ್ಕದ ಫಾರ್ಮ್ ಇರಲಿ. ಮೇಲ್‌ನಲ್ಲಿ ಒಂದು ಬೆಲೆ, ಪುಟದಲ್ಲಿ ಇನ್ನೊಂದು ಇದ್ದರೆ ಅಲ್ಲಿಗೆ ಮುಗಿಯಿತು.

ಬೆಲೆ ಮೊದಲೇ ಹೇಳಬೇಕಾ? ನಮ್ಮ ಕೆಲಸದಲ್ಲಿರುವವರೆಲ್ಲ ಇದಕ್ಕೆ ಒಂದೇ ಉತ್ತರ ಕೊಡಲ್ಲ. ನನ್ನ ಅಭಿಪ್ರಾಯ, ಕೆಲವು ಸಾವಿರ ಡಾಲರ್ ಒಳಗಿನ ಹೆಸರಾದರೆ ಹೇಳಿಬಿಡಿ. ಹೇಳದಿದ್ದರೆ ಹೆಚ್ಚು ಉತ್ತರ ಬರಬಹುದು, ಆದರೆ ಅರ್ಧಕ್ಕರ್ಧ 'ಎಷ್ಟು?' ಎಂಬ ಕುತೂಹಲ ಅಷ್ಟೇ. ಹೇಳಿದರೆ ಉತ್ತರ ಕಡಿಮೆ, ಆದರೆ ಬಂದವರು ಕೊಳ್ಳಲು ಬಂದವರು. ದೊಡ್ಡ ಹೆಸರಿಗೆ ಮಾತ್ರ ಮೊದಲ ಮೇಲ್‌ನಲ್ಲಿ ಅಂಕಿ ಬೇಡ. ಅಲ್ಲಿ ಕೊಳ್ಳುವವರ ಶಕ್ತಿ ಒಬ್ಬೊಬ್ಬರದು ಒಂದೊಂದು.

ಬೆಲೆ ಕೇಳಿ ಮಾಯವಾದವರ ವಿಷಯ. ನೀವು ಹೇಳಿದ್ದು ಎಷ್ಟು ಅಂತ ಬರೆದಿಲ್ಲ. ಆ ಅಂಕಿ ಎಲ್ಲಿಂದ ಬಂತು ಅಂತ ನಿಮ್ಮನ್ನೇ ಕೇಳಿಕೊಳ್ಳಿ. ತಾನೇ ಬೆಲೆ ಕಟ್ಟುವ ಉಪಕರಣಗಳ ಅಂಕಿ ಕೊಳ್ಳುವವರಿಗೆ ಲೆಕ್ಕಕ್ಕಿಲ್ಲ. 2019ರಲ್ಲಿ ವಾಯ್ಸ್ ಡಾಟ್ ಕಾಮ್ 3 ಕೋಟಿ ಡಾಲರ್‌ಗೆ ಮಾರಾಟವಾಯಿತು ನಿಜ, ಅದು ಒಂದೇ ಪದದ ಡಾಟ್ ಕಾಮ್. ನಮ್ಮ ಮೂರು ಪದದ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ನೇಮ್‌ಬಯೊ ತಾಣದಲ್ಲಿ ಹಳೆಯ ಮಾರಾಟಗಳ ದಾಖಲೆ ಇದೆ. ನಿಮ್ಮ ಹೆಸರಿನಂಥವು, ಅಷ್ಟೇ ಪದಗಳು, ಅದೇ ಎಕ್ಸ್‌ಟೆನ್ಷನ್, ಎಷ್ಟಕ್ಕೆ ಹೋಗಿವೆ ನೋಡಿ. ಅಲ್ಲಿ ಕಾಣುವುದು ಮಾರಾಟವಾದವು ಮಾತ್ರ, ಮಾರದೆ ಉಳಿದವು ಎಷ್ಟೋ ಪಾಲು ಜಾಸ್ತಿ ಎಂಬುದು ಮನಸ್ಸಿನಲ್ಲಿರಲಿ. ಮಾಯವಾದ ಗಿರಾಕಿಗೆ ಇನ್ನೊಂದು ಮೇಲ್ ಬರೆಯಬಹುದು. ಬೆಲೆ ಅರ್ಧಕ್ಕೆ ಇಳಿಸಿ ಬರೆಯಬೇಡಿ, ಮೊದಲ ಬೆಲೆ ಸುಳ್ಳಾಗಿತ್ತು ಅನಿಸುತ್ತೆ. 'ಹನ್ನೆರಡು ಕಂತಿನಲ್ಲಿ ಕೊಡಬಹುದು, ಅಥವಾ ನಿಮ್ಮ ಮನಸ್ಸಿನಲ್ಲಿರುವ ಬೆಲೆ ತಿಳಿಸಿ' ಎಂದು ಕೇಳಿ. ಕಂತಿಗೆ ಕೊಟ್ಟರೆ ಪೂರ್ತಿ ಹಣ ಬರುವ ತನಕ ಒಡೆತನ ನಿಮ್ಮ ಬಳಿಯೇ ಅಥವಾ ಮಧ್ಯವರ್ತಿ ಸಂಸ್ಥೆಯ ಬಳಿ ಇರಲಿ.

ಮುಂದುವರಿಸಲೋ ಬಿಡಲೋ ಎಂಬುದಕ್ಕೆ ಲೆಕ್ಕ ಹಾಕಿ ನೋಡಿ. ಡಾಟ್ ಕಾಮ್‌ನ ಸಗಟು ದರವೇ 2024ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 10.26 ಡಾಲರ್ ಆಯಿತು, ನಮಗೆ ಹೆಸರು ರಿಜಿಸ್ಟರ್ ಮಾಡಿಕೊಡುವ ರಿಜಿಸ್ಟ್ರಾರ್ ಕಂಪನಿಗಳ ಲಾಭ ಅದರ ಮೇಲೆ. 40 ಹೆಸರು ಅಂದರೆ ವರ್ಷಕ್ಕೆ 400 ಡಾಲರ್‌ಗೂ ಜಾಸ್ತಿ, ಒಂದೂ ಮಾರದಿದ್ದರೂ. ಪ್ರತಿ ಹೆಸರಿನ ಮುಂದೆ ಅದರಿಂದ ನಿಜಕ್ಕೂ ಉಪಕಾರವಾಗುವ ಹತ್ತು ಕಂಪನಿಗಳ ಹೆಸರು ಬರೆಯಲು ಕೂತುಕೊಳ್ಳಿ. ಮೂರಕ್ಕೇ ಪೆನ್ನು ನಿಂತರೆ ಆ ಹೆಸರನ್ನು ರಿನ್ಯೂ ಮಾಡಬೇಡಿ. ನನ್ನ ಅಂದಾಜಿಗೆ ನಿಮ್ಮ ಪಟ್ಟಿ ಕಾಲು ಭಾಗಕ್ಕೆ ಇಳಿಯುತ್ತೆ. ಉಳಿದವನ್ನು ಆಫ್ಟರ್ನಿಕ್, ಸೆಡೊದಂಥ ಮಾರುಕಟ್ಟೆ ತಾಣಗಳಲ್ಲಿ ಬೆಲೆ ಸಮೇತ ಹಾಕಿ. ಮಾರಾಟವಾದರೆ ಕಮಿಷನ್ ಹೋಗುತ್ತೆ, ಆದರೆ ಹೆಸರು ಹುಡುಕುತ್ತಿರುವವರೇ ಅಲ್ಲಿ ಬರುವುದರಿಂದ ಸ್ಪ್ಯಾಮ್ ಎಂಬ ಮಾತೇ ಇಲ್ಲ. ತಾವಾಗಿ ಬಂದ ಗಿರಾಕಿ ಕೊಡುವ ಬೆಲೆ, ನಾವು ಹೋಗಿ ಕೇಳಿದ ಗಿರಾಕಿಯ ಬೆಲೆಗಿಂತ ಸಾಮಾನ್ಯವಾಗಿ ಜಾಸ್ತಿಯೇ. ಮೇಲ್ ಬರೆಯುವುದು ಆ ಕಾಯುವಿಕೆಯ ಜೊತೆಗಿರುವ ಕೆಲಸ, ಅದರ ಬದಲಿಗಲ್ಲ. ಬ್ರೋಕರ್ ಹಿಡಿಯುವ ಯೋಚನೆ ಸದ್ಯಕ್ಕೆ ಬೇಡ. ಒಳ್ಳೆಯವರು ಸಣ್ಣ ಹೆಸರು ಮುಟ್ಟಲ್ಲ, ಮುಂಗಡ ಕೇಳುವವರನ್ನು ನೀವು ಮುಟ್ಟಬೇಡಿ.

ಯಾರಾದರೂ 'ಸರಿ, ಕೊಳ್ಳುತ್ತೇನೆ' ಅಂದ ದಿನಕ್ಕೂ ಕೆಲವು ಮಾತು. ಕೆಲವು ಗಿರಾಕಿಗಳು ತುಂಬಾ ಬೇಗ ಒಪ್ಪಿ, ದೊಡ್ಡ ಬೆಲೆ ಹೇಳಿ, 'ಒಂದು ಮೌಲ್ಯಮಾಪನ ಪ್ರಮಾಣಪತ್ರ ಮಾತ್ರ ಬೇಕು, ಇಂಥ ಸಂಸ್ಥೆಯಿಂದಲೇ ಮಾಡಿಸಿ' ಅನ್ನುತ್ತಾರೆ. ಆ ಸಂಸ್ಥೆಯೂ ಅವರದ್ದೇ. ಶುಲ್ಕ ಕಟ್ಟಿದ ಮೇಲೆ ಇಬ್ಬರೂ ಕಾಣಲ್ಲ. ನಿಜವಾದ ಗಿರಾಕಿ ನಿಮ್ಮ ಕೈಯಿಂದ ದುಡ್ಡು ಬಿಚ್ಚಿಸುವುದಿಲ್ಲ. ಎಸ್ಕ್ರೋ ಸೇವೆಯನ್ನು ಅವರು ಕಳಿಸಿದ ಲಿಂಕ್ ಒತ್ತಿ ತೆರೆಯಬೇಡಿ, ನೀವೇ ವಿಳಾಸ ಟೈಪ್ ಮಾಡಿ ಲಾಗಿನ್ ಆಗಿ. ಹಣ ಬಂದು ಸೇರಿದೆ ಎಂದು ಅಲ್ಲಿ ನಿಮ್ಮ ಕಣ್ಣಿಂದಲೇ ನೋಡಿದ ಮೇಲೆ ಆಥ್ ಕೋಡ್, ಅಂದರೆ ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತ, ಕೊಡಿ. ಹೆಸರು ಕೊಂಡು 60 ದಿನ ಆಗಿಲ್ಲದಿದ್ದರೆ ಬೇರೆ ರಿಜಿಸ್ಟ್ರಾರ್‌ಗೆ ಸಾಮಾನ್ಯವಾಗಿ ವರ್ಗಾಯಿಸಲಾಗದು. ಆಗ ಗಿರಾಕಿ ನಿಮ್ಮ ರಿಜಿಸ್ಟ್ರಾರ್‌ನಲ್ಲೇ ಒಂದು ಖಾತೆ ತೆರೆದರೆ ಆ ಖಾತೆಗೆ ಒಳಗಿಂದೊಳಗೆ ದಾಟಿಸಬಹುದು, ಅದಕ್ಕೆ ಪುಶ್ ಅಂತಾರೆ. ಇದನ್ನು ಬೆಲೆ ಮಾತಾಡುವಾಗಲೇ ತಿಳಿಸಿಬಿಡಿ, ಹಣ ಹಾಕಿದ ಮೇಲೆ ಗೊತ್ತಾದರೆ ಅವರು ಗಾಬರಿಯಾಗುತ್ತಾರೆ.